ಅರಿಶಿಣ ನೀರಿನಾಗ ಮಿಂದ ಪೆನ್ ಡ್ರೈವ್

ಫ್ರೆಂಡ್ಸ್, ಗೊತ್ತಿದ್ದೋರು ಹೇಳ್ರಿ. ಅರಿಶಿಣ ನೀರಿನಾಗ ಮುಳುಗಿದ ಪೆನ್ ಡ್ರೈವ್ ಬದುಕತೈತೇನು?

ರಾಯದುರ್ಗದಾಗ ನಮ್ಮದೊಂದು ಸಣ್ಣ ಜೀನ್ಸ್ ಯೂನಿಟ್. ಹಳೆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಸತ್ತಾಗಿಂದ, ಪೆನ್ ಡ್ರೈವ್‌ನಾಗಿರೋ ಪುಟ್ಟ ಆಪರೇಟಿಂಗ್ ಸಿಸ್ಟಮ್ಮಿಂದಲೇ ಕಂಪ್ಯೂಟರ್ ಚಾಲೂ ಮಾಡಿ ಲೇಬಲ್ ಪ್ರಿಂಟ್ ಹಾಕ್ತೀನಿ. "ಅತ್ತಿ, ಕಂಪ್ಯೂಟರಿನ ಜೀವ ಇದರಾಗೈತಿ" ಅಂತ ಒಮ್ಮೆ ನಾನೇ ಹೇಳಿದ್ದೆ. ಇವತ್ತು ಆಯುಧಪೂಜೆ. ಅತ್ತಿ ಕತ್ತರಿಗಳ ಜೊತೆ ಅದನ್ನೂ ಅರಿಶಿಣ ನೀರಿನಾಗ ತೊಳೆದು, ಕುಂಕುಮ ಹಚ್ಚಿ, ಮಣೆ ಮ್ಯಾಲೆ ಕೂರಿಸಿದ್ರು.

ನಮ್ಮ ಮೈದುನ ಬೆಂಗಳೂರಿನ ಗಾರ್ಮೆಂಟ್ಸ್‌ನಾಗ ಅದಾನ. ಅಲ್ಲಿ ನಿಲ್ಲಿಸಾಕ ಜಾಗಿಲ್ಲ ಅಂತ ತನ್ನ ಕಾರು ನಮ್ಮ ಮನಿ ಮುಂದ ಇಟ್ಟಾನ. ಹಬ್ಬಕ್ಕ ಬಂದಿದ್ದ ಅವನಿಗೆ ಇದನ್ನ ನೋಡಿ ಸಿಟ್ಟು ಬಂತು.

"ಯವ್ವಾ, ನನ್ನ ಕಾರಿಗೆ ಬರೇ ನಿಂಬೆಹಣ್ಣು. ಈ ಬೆರಳುದ್ದದ್ದಕ್ಕ ಸ್ನಾನ, ಮಣೆ! ಯಾಕ?"

"ಅದು ದಿನಾ ದುಡೀತೈತಪ್ಪಾ. ನಿನ್ನ ಕಾರು ಬಂದಾಗಿಂದ ಕವರ್ ಹೊದ್ದು ಮಲಗೈತಿ."

ನಾಳೆ ಕಳಿಸೋ ಜೀನ್ಸ್ ಲಾಟ್‌ಗೆ ಲೇಬಲ್ ಬೇಕು. ನಾನು ಅಳೋದೊಂದು ಬಾಕಿ. ನನ್ನ ಮುಖ ನೋಡಿ ಅತ್ತಿ ಕಣ್ಣಾಗೂ ನೀರು. ಪಾಪ, ಮೈದುನನೇ ಕವರ್ ಸರಿಸಿ, ಪೆನ್ ಡ್ರೈವ್ ಒರೆಸಿ, ಕಾರಿನ ಬಾನೆಟ್ ಮ್ಯಾಲೆ ಬಿಸಿಲಿಗಿಟ್ಟು ಕಾವಲು ಕುಂತಾನ.

ಆ ಕಾರಿನಿಂದ ನಮ್ಮ ಮನಿಗೆ ಆದ ಮೊದಲ ಉಪಯೋಗ ಇದೇ ನೋಡ್ರಿ.