ಖಾಲಾ ನುಂಗಿದ ಗುಳಿಗೆ

ಖಾಲಾ ಅವರ ಕೈಬೆರಳಿನ ಉಗುರುಗಳು ನಡುವೆ ತಗ್ಗಾಗಿ, ಅಂಚಿನಲ್ಲಿ ಮೇಲೆದ್ದು, ಪುಟ್ಟ ಚಮಚಗಳ ಹಾಗೆ ಕಾಣುತ್ತಿದ್ದವು. ಕೌದಿ ಹೊಲಿಯುವಾಗ ಸೂಜಿ ಎಳೆಯಲು ಹೋಗಿ ಅವು ಆಗಾಗ ಸೀಳುತ್ತಿದ್ದವು. ಆ ಬೆರಳನ್ನು ಬಾಯಲ್ಲಿಟ್ಟು ಚೀಪಿ, ಮತ್ತೆ ಹೊಲಿಯಲು ಕೂಡುತ್ತಿದ್ದರು. ಸೇಡಂನಲ್ಲಿ ನನ್ನ ಔಷಧದ ಅಂಗಡಿಯ ಎದುರಿಗೇ ಅವರ ಮನೆ. ಆ ಕೈಗಳನ್ನು ನಾನು ದಿನಾ ನೋಡುತ್ತಿದ್ದೆ. ಮೈಯಲ್ಲಿ ಕಬ್ಬಿಣಾಂಶ ಕಡಿಮೆಯಾದರೆ ಉಗುರು ಹೀಗಾಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು.

ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅಂಗಡಿ ತೆರೆದ ಹೊಸದರಲ್ಲಿ ಯಾರೂ ಬರುತ್ತಿರಲಿಲ್ಲ. ಖಾಲಾ ತಮ್ಮ ಹೊಸ್ತಿಲಲ್ಲಿ ಕೂತು ದಾರಿಹೋಕರನ್ನು ಕರೆದು, "ಬಸ್ ಸ್ಟ್ಯಾಂಡಿನ ತನಕ ಯಾಕ ಹೋಗ್ತೀರಿ? ನಮ್ಮ ಹುಡುಗನ ದುಕಾನ ಇಲ್ಲೇ ಅದ," ಎಂದು ಕಳಿಸುತ್ತಿದ್ದರು. ನನ್ನ ಅವ್ವ ತೀರಿಕೊಂಡಾಗ ಅವಳ ಹಳೆಯ ಸೀರೆಗಳನ್ನು ಕೇಳಿ ಒಯ್ದರು. ತಿಂಗಳ ಮೇಲೆ ಕೌದಿ ಮಾಡಿ ತಂದು ನನ್ನ ಹೆಗಲಿಗೆ ಹಾಕಿ, "ಅಳಬ್ಯಾಡ ಅನ್ನಂಗಿಲ್ಲ ನಾ. ಇದನ್ನ ಹೊದ್ದು ಅಳು," ಎಂದರು.

ಒಂದು ರಮಜಾನಿನಲ್ಲಿ ಅವರಿಗೆ ಎದೆಯುರಿ ಶುರುವಾಯಿತು. ಹೊಟ್ಟೆಯ ಆಮ್ಲ ತಗ್ಗಿಸುವ ಗುಳಿಗೆಯ ಒಂದು ಪಟ್ಟಿ ಕೊಟ್ಟೆ. ದಿನಾ ನಸುಕಿಗೆ, ರೋಜಾ ಹಿಡಿಯುವ ಮುಂಚಿನ ಊಟಕ್ಕೂ ಮೊದಲು, ಖಾಲಿ ಹೊಟ್ಟೆಗೆ ಒಂದು. ಎರಡೇ ದಿನದಲ್ಲಿ ಉರಿ ನಿಂತಿತು. "ಡಾಕ್ಟರ್ ಬೇಟಾ, ನಿನ್ನ ಕೈಗುಣ ಭಾಳ ಛಲೋ," ಎಂದರು. ನಾನು ಡಾಕ್ಟರಲ್ಲ. ಆದರೂ ಗಿರಾಕಿಗಳ ಎದುರು ಅವರು ಹಾಗೆ ಕರೆದಾಗ ಹಿಗ್ಗುತ್ತಿದ್ದೆ. ಪಟ್ಟಿ ಮುಗಿದಾಗ ಮತ್ತೆ ಬಂದರು, ಮತ್ತೆ ಕೊಟ್ಟೆ. ಕೆಲವು ವಾರ ನುಂಗಿ ನಿಲ್ಲಿಸಬೇಕಾದ ಗುಳಿಗೆ ಅದು. ಖಾಲಾ ಆರು ವರ್ಷ ನುಂಗಿದರು. ಒಮ್ಮೆಯೂ ನಾನು, ಸಾಕು ಮಾಡಿ, ಡಾಕ್ಟರಿಗೆ ತೋರಿಸಿ ಎನ್ನಲಿಲ್ಲ.

ಆಮೇಲಾಮೇಲೆ ಅವರ ಮುಖ ಬಿಳಿಚಿಕೊಂಡಿತು. ಮನೆಯಿಂದ ಅಂಗಡಿಗೆ ರಸ್ತೆ ದಾಟುವುದರೊಳಗೆ ಏದುಸಿರು ಬರುತ್ತಿತ್ತು. ಜ್ಯೂಸಿನ ಗಾಡಿಯಿಂದ ಐಸ್ ತುಂಡು ತರಿಸಿ ಕಟಕಟ ಕಡಿಯತೊಡಗಿದರು. "ಏನ್ ಖಾಲಾ, ಸಣ್ಣ ಹುಡುಗಿ ಆಗ್ಲಿಕತ್ತೀರಿ?" ಎಂದು ನಾನು ನಕ್ಕೆ. ಅವರೂ ನಕ್ಕರು. ರಕ್ತ ಕಡಿಮೆಯಾದವರಿಗೆ ಇಂಥ ಚಟ ಹತ್ತುತ್ತದೆಂಬುದೂ ನಾನು ಓದಿದ್ದೇ.

ಕಡೆಗೆ ಕಬ್ಬಿಣದ ಗುಳಿಗೆ ಕೊಟ್ಟೆ. ಅದರಿಂದ ಹೊಟ್ಟೆ ತೊಳಸುತ್ತದೆ ಎಂದರು. ಅದಕ್ಕೆಂದು ಆಮ್ಲ ತಗ್ಗಿಸುವ ಗುಳಿಗೆಯನ್ನು ದಿನಕ್ಕೆ ಎರಡು ಮಾಡಿದೆ. ಮೂರು ತಿಂಗಳಾದರೂ ಮುಖಕ್ಕೆ ಬಣ್ಣ ಬರಲಿಲ್ಲ. ಒಂದು ಸಂಜೆ ಅಂಗಡಿಯ ಮುಂದೆ ಜನ ನಿಂತಿದ್ದಾಗ ನನಗೆ ಸಿಟ್ಟು ಬಂತು.

"ನೀವು ಗುಳಗಿ ನುಂಗೂದೇ ಇಲ್ಲ. ಒಯ್ದು ಚೆಲ್ತೀರಿ. ಮ್ಯಾಲೆ ನನ್ನ ಔಷಧ ಹತ್ತಂಗಿಲ್ಲ ಅಂತೀರಿ."

ಖಾಲಾ ಸೆರಗು ಸರಿಮಾಡಿಕೊಂಡರು. "ಅಲ್ಲಾನ ಆಣಿ ಬೇಟಾ, ಒಂದೂ ಬಿಟ್ಟಿಲ್ಲ," ಎಂದರು. ನಾನು ಅವರನ್ನು ಬಿಟ್ಟು ಮುಂದಿನವರ ಚೀಟಿ ತೆಗೆದುಕೊಂಡೆ.

ಅದಾಗಿ ವಾರದೊಳಗೆ ಅವರು ನೀರಿನ ಕೊಡ ಎತ್ತಲು ಹೋಗಿ ಅಂಗಳದಲ್ಲಿ ಬಿದ್ದರು. ಮಗಳು, ಅಳಿಯ ಅವರ ಜೊತೆಗೇ ಇದ್ದರು; ಅಳಿಯ ಮಳಖೇಡದ ಸಿಮೆಂಟ್ ಕಾರ್ಖಾನೆಗೆ ಕೆಲಸಕ್ಕೆ ಹೋಗಿದ್ದ. ಮಗಳು ಕಿರುಚಿದ್ದು ಕೇಳಿ ನಾನೇ ಓಡಿದೆ, ನಾನೇ ಕಲಬುರಗಿಗೆ ಕರೆದೊಯ್ದೆ. ಅಲ್ಲಿ ರಕ್ತ ಏರಿಸಿದರು. ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡಿದರು. ಹುಣ್ಣಿಲ್ಲ, ರಕ್ತ ಸೋರಿದ ಗುರುತಿಲ್ಲ. ಬೇರೆ ತಪಾಸಣೆಗಳಲ್ಲೂ ಏನೂ ಸಿಗದಾಗ ಡಾಕ್ಟರಮ್ಮ, ಖಾಲಾ ನುಂಗುವ ಗುಳಿಗೆಗಳನ್ನೆಲ್ಲ ತರಿಸಿ ಮೇಜಿನ ಮೇಲೆ ಹರಡಿದರು.

"ರೊಟ್ಟಿ, ಬ್ಯಾಳಿ, ಪಲ್ಯದಾಗಿನ ಕಬ್ಬಿಣ ಮೈಗೆ ಹತ್ತಬೇಕಂದ್ರ ಹೊಟ್ಟ್ಯಾಗ ಆಮ್ಲ ಬೇಕಮ್ಮ. ನೀವು ವರ್ಷಗಟ್ಲೆ ಅದನ್ನ ಒಣಗಿಸೀರಿ. ಕಬ್ಬಿಣದ ಗುಳಗಿ ನುಂಗಿದ್ರೂ ಅದು ಹೆಂಗ ಹತ್ತಬೇಕು? ಯಾರು ಕೊಟ್ರು ಇದನ್ನ ಇಷ್ಟು ದಿನ?"

ನಾನು ಮಂಚದ ಪಕ್ಕದಲ್ಲಿ ಫೈಲು ಹಿಡಿದು ನಿಂತಿದ್ದೆ.

"ಯಾರೂ ಕೊಟ್ಟಿಲ್ರಿ," ಎಂದರು ಖಾಲಾ. "ನಾನೇ ಹಟ ಮಾಡಿ ತಗೋತಿದ್ದೆ. ಈ ಹುಡುಗ ಬ್ಯಾಡ ಬ್ಯಾಡ ಅಂತಿದ್ದ."

ಡಾಕ್ಟರಮ್ಮ ನನ್ನ ಕಡೆ ತಿರುಗಿ, "ನೀವು ಹೇಳಿದ್ದು ಬರೋಬ್ಬರಿ ಇತ್ತು ನೋಡ್ರಿ," ಎಂದರು. ನಾನು ತಲೆ ಆಡಿಸಿದೆ. ಹೌದು, ತಲೆ ಆಡಿಸಿದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಆ ಗುಳಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಿದರು, ಕಬ್ಬಿಣವನ್ನು ಸೂಜಿಯಿಂದ ನೇರ ನರಕ್ಕೇ ಕೊಟ್ಟರು. ಎರಡು ತಿಂಗಳಲ್ಲಿ ಖಾಲಾ ಮತ್ತೆ ಹೊಸ್ತಿಲಲ್ಲಿ ಕೂತು ಸೂಜಿ ಹಿಡಿದರು. ಒಂದು ಮಧ್ಯಾಹ್ನ ಅವರ ಬಳಿ ಕೂತು ಕೇಳಿದೆ.

"ಅವತ್ತು ಯಾಕ ಸುಳ್ಳು ಹೇಳಿದ್ರಿ?"

ಅವರು ಹೊಲಿಗೆಯಿಂದ ತಲೆ ಎತ್ತಲಿಲ್ಲ. "ಮಂದಿ ಎದುರಿಗೆ ನಿನ್ನ ಮಾರಿ ಸಣ್ಣದು ಮಾಡಿ ನನಗೇನ್ ಸಿಗ್ತಿತ್ತು? ಇನ್ಮ್ಯಾಲೆ ಗುಳಗಿ ಕೊಡೂ ಮೊದಲ ಕೇಳು, ಎಷ್ಟು ದಿನ ಆಯ್ತು ಅಂತ. ಅಷ್ಟು ಮಾಡು."

ಅಷ್ಟನ್ನು ಮಾಡುತ್ತಿದ್ದೇನೆ. ಕೇಳಿದ್ದಕ್ಕೆ ಸಿಟ್ಟಾಗಿ ಬೇರೆ ಅಂಗಡಿಗೆ ಹೋಗುವವರಿದ್ದಾರೆ. ಹೋಗಲಿ.

ಖಾಲಾ ಆಮೇಲೆ ನಾಲ್ಕು ವರ್ಷ ಬದುಕಿದರು. ಹೋದ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ತೀರಿಕೊಂಡರು. ಮೂರನೆಯ ದಿನ ಅವರ ಮನೆಗೆ ಹೋದೆ. ಬಂದವರಿಗೆಲ್ಲ ಅಳಿಯ, "ಅಮ್ಮಿನ್ನ ಆಗ ಕಲಬುರಗಿಗೆ ಒಯ್ದು ಉಳಿಸಿದವರು ಇವರೇ," ಎಂದು ನನ್ನನ್ನು ತೋರಿಸುತ್ತಿದ್ದ. ನನಗೆ ಅಲ್ಲಿ ಕೂರಲಾಗಲಿಲ್ಲ. ಅಡುಗೆಮನೆಯ ಬಾಗಿಲಿಗೆ ಹೋಗಿ ಮಗಳಿಗೆ ಹೇಳಿಬಿಟ್ಟೆ: ಗುಳಿಗೆ ಕೊಟ್ಟವನು ನಾನು, ಬೇಡ ಎಂದು ಒಮ್ಮೆಯೂ ಅಂದವನಲ್ಲ.

ಅವಳು ಒಲೆಯ ಉರಿ ಸಣ್ಣ ಮಾಡಿದಳು.

"ಗೊತ್ತದ ಭೈಯಾ. ದವಾಖಾನಿಂದ ಬಂದ ದಿನಾನೇ ನಾವು ಕೇಳಿದ್ವಿ, ಅಮ್ಮಿ ಖರೇ ಹೇಳಿದ್ರು. ಇವ್ರು ನಿಮ್ಮ ದುಕಾನಕ್ಕ ಬಂದು ಜಗಳಾ ತೆಗಿತೀನಿ ಅಂದ್ರು. ಅಮ್ಮಿ ಕೈ ಹಿಡಿದು ಕುಂದರಿಸಿದ್ರು."

ನಾಲ್ಕು ವರ್ಷ ಆ ಅಳಿಯ ಕೆಲಸಕ್ಕೆ ಹೋಗುವಾಗ ನನಗೆ ಸಲಾಂ ಹೇಳಿ ಹೋಗಿದ್ದ. ಪ್ರತಿ ಈದಿಗೆ ಆ ಮನೆಯಿಂದ ನನಗೆ ಶೀರ್ ಖುರ್ಮಾ ಪಾಯಸ ಬಂದಿತ್ತು. ಎಲ್ಲ ಗೊತ್ತಿದ್ದೂ.

"ಕುಂದ್ರಿ ಭೈಯಾ, ಚಾ ಕುಡದು ಹೋಗ್ರಿ," ಎಂದಳು.

ಕೂತೆ. ಕಪ್ಪು ತಂದು ಕೈಗೆ ಕೊಟ್ಟಳು. ಅವರಲ್ಲಿ ಒಬ್ಬರಾದರೂ ನನ್ನನ್ನು ಬೈದುಬಿಡಬಾರದೇ ಎನಿಸುತ್ತಿತ್ತು. ಯಾರೂ ಬೈಯಲಿಲ್ಲ.