ಮರುದಿನವೂ ಬರುತ್ತಿದ್ದ ನರ್ಸಬಾಯಿ

ಅವರ ಬಲಗೈ ಹೆಬ್ಬೆರಳು, ತೋರುಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಚರ್ಮ ಸುಟ್ಟು ಸುಟ್ಟು ನುಣ್ಣಗಾಗಿತ್ತು. ಯಾರದಾದರೂ ಅಂಗಳದಲ್ಲಿ ಸ್ಟೋವ್ ಹಚ್ಚಿ, ಗಾಜಿನ ಸಿರಿಂಜು ಕುದಿಸಿ, ಬಿಸಿ ಆರುವ ಮೊದಲೇ ಕೈಗೆತ್ತಿಕೊಳ್ಳುತ್ತಿದ್ದುದರ ಫಲ ಅದು. ಎಪ್ಪತ್ತರ ದಶಕದಲ್ಲಿ ಬಬಲೇಶ್ವರದಿಂದ ಬಸ್ಸಿನಲ್ಲಿ ತಿಕೋಟಾದ ನಮ್ಮ ಓಣಿಗೆ ಬರುತ್ತಿದ್ದ ಅವರನ್ನು ನಾವೆಲ್ಲ ನರ್ಸಬಾಯಿ ಎನ್ನುತ್ತಿದ್ದೆವು.

ಸೂಜಿ ಹಾಕುವ ಬೇರೆಯವರು "ಏನೂ ಆಗೂದಿಲ್ಲ" ಎಂದು ಹೇಳಿ ಬಸ್ಸು ಹಿಡಿಯುತ್ತಿದ್ದರು. ಇವರು ಮಾತ್ರ ಆಗುವುದನ್ನೆಲ್ಲ ಮೊದಲೇ ಹೇಳಿ ನಮ್ಮ ಜೀವ ಹಾರಿಸುತ್ತಿದ್ದರು. "ಸಂಜೀಕ ಜ್ವರಾ ಬರ್ತಾವ, ತೊಡಿ ಬಾತಕೋತೈತಿ, ಕೂಸು ಕಿರಿಕಿರಿ ಮಾಡತೈತಿ. ತೆಳ್ಳನ ಅರಿವಿ ಹಾಕ್ರಿ, ಎದಿಹಾಲು ಬಿಡಿಸಬ್ಯಾಡ್ರಿ. ಎಲ್ಲೋ ಒಂದು ಕೂಸಿಗೆ ಫಿಟ್ಸೂ ಬರಬಹುದು." ವ್ಯಾಪಾರ ಗೊತ್ತಿಲ್ಲದ ಹೆಂಗಸು ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಆದರೆ ಮರುದಿನ ಅವರು ಚೀಲವಿಲ್ಲದೆ, ಬರಿಗೈಲಿ ಮತ್ತೆ ಬರುತ್ತಿದ್ದರು. ಸೂಜಿ ಹಾಕಿಸಿಕೊಂಡ ಪ್ರತಿ ಕೂಸಿನ ಹಣೆ ಮುಟ್ಟಿ ನೋಡಿಯೇ ಹೋಗುತ್ತಿದ್ದರು.

ನಮ್ಮ ಅತ್ತೆಯ ಚೊಚ್ಚಲ ಮಗ ನಾಯಿಕೆಮ್ಮಿನಲ್ಲಿ ತೀರಿಕೊಂಡಿದ್ದ. ಅದಕ್ಕೇ ನನ್ನ ಮಗನನ್ನು ನಾಯಿಕೆಮ್ಮು, ಗಂಟಲಮಾರಿ, ಧನುರ್ವಾಯು ಮೂರಕ್ಕೂ ಒಂದೇ ಆದ ಸೂಜಿಗೆಂದು ಅತ್ತೆಯೇ ನರ್ಸಬಾಯಿಯ ಮುಂದೆ ಹಿಡಿದಳು. ಸಂಜೆ ಜ್ವರ ಬಂತು. ನಮ್ಮ ಮನೆಯಲ್ಲಿ ಸಿಡುಬಿನ ಚುಚ್ಚುಮದ್ದಿಗೂ ದೇವಿ ಹಾಕುವುದು ಎಂದೇ ಹೆಸರು. ಹಾಗಾಗಿ ಯಾವ ಸೂಜಿಯ ಜ್ವರವಾದರೂ ಅತ್ತೆಗೆ ದೇವಿಯೇ. ದೇವಿ ಬಂದ ಮನೆಯಂತೆ ಒಗ್ಗರಣೆ ಹಾಕುವುದು ನಿಂತಿತು, ಬಾಗಿಲಿಗೆ ಬೇವಿನ ಸೊಪ್ಪು ಬಂತು, ಕೂಸಿನ ಮೇಲೆ ದಪ್ಪ ಕೌದಿ ಬಿತ್ತು. ತೆಳ್ಳನೆಯ ಅರಿವೆಯ ಮಾತು ಯಾರಿಗೂ ನೆನಪಾಗಲಿಲ್ಲ.

ಬೆಳಿಗ್ಗೆ ಮಗುವಿನ ಕಣ್ಣು ಮೇಲೆ ಹೋಗಿ ಕೈಕಾಲು ಸೆಟೆದುಕೊಂಡವು. ನಾನು ಚೀರಿದೆ. ಅಷ್ಟರಲ್ಲಿ ಹಣೆ ಮುಟ್ಟಲು ಬಂದ ನರ್ಸಬಾಯಿ ಕೌದಿ ಕಿತ್ತೆಸೆದು, ಕೂಸನ್ನು ಮಗ್ಗುಲಾಗಿ ಮಲಗಿಸಿದರು. ಸೆಳೆತ ನಿಂತ ಮೇಲೆ ಹಸಿ ಬಟ್ಟೆಯಿಂದ ಮೈ ಒರೆಸಿ, ನನ್ನನ್ನು ವಿಜಾಪುರದ ಬಸ್ಸಿಗೆ ಹತ್ತಿಸಿಕೊಂಡು ಹೋದರು. ದಾರಿಯುದ್ದಕ್ಕೂ ಅವರು ಹೇಳಿದ್ದು ಇಷ್ಟೇ: "ಉಸಿರು ಛಲೋ ಐತಿ, ತಂಗಿ. ಅದನ್ನ ನೋಡ್ಕೋತ ಇರು."

ಜ್ವರ ಏರಿ ಬಂದ ಫಿಟ್ಸು, ಇಂಥದ್ದು ಅಪರೂಪ, ಮಗುವಿಗೆ ಏನೂ ಕುಂದಿಲ್ಲ ಎಂದರು ಡಾಕ್ಟರು. ಕೌದಿಯದೇ ತಪ್ಪೇನೋ ಎಂದು ನಾನು ಕೇಳಿದೆ. "ಹಂಗನ್ನಾಕ ಬರೂದಿಲ್ಲ ತಂಗಿ. ಸೂಜಿಯಿಂದ ಜ್ವರಾ ಬಂದದ್ದೂ ಖರೇನ," ಎಂದರು ನರ್ಸಬಾಯಿ. ತಮ್ಮ ಮೈಮೇಲಿನ ತಪ್ಪನ್ನು ಕೊಡವಿಕೊಳ್ಳುವ ಅವಕಾಶವನ್ನು ಬಿಟ್ಟುಕೊಟ್ಟ ಆ ಮಾತಿಗೇ ನಾನು ಅವರನ್ನು ನಂಬಿದೆ.

ಸುದ್ದಿ ಓಣಿ ತುಂಬ ಹಬ್ಬಿತು. ಮುಂದಿನ ತಿಂಗಳು ಅವರು ಬಂದಾಗ ಬಾಗಿಲುಗಳೆಲ್ಲ ಮುಚ್ಚಿದ್ದವು. ಅತ್ತೆ ಹೊಸ್ತಿಲಿಗೆ ಅಡ್ಡ ನಿಂತಳು.

"ನಮ್ಮ ಕೂಸಿನ ಮುಟ್ಟಬ್ಯಾಡ್ರಿ ಬಾಯಿ."

"ಇಲ್ರಿ ಅಮ್ಮಾ. ಅದೇ ಸೂಜಿ ಇವಂಗ ಇನ್ನ ಮಾಡಾಂಗಿಲ್ಲ. ಡಾಕ್ಟರಿಗೆ ಕೇಳೇನಿ. ನಾಯಿಕೆಮ್ಮಿನ ಔಷಧ ಬಿಟ್ಟು ಉಳಿದದ್ದಷ್ಟ ಕೊಡಾಕ ಹೇಳ್ಯಾರ."

ಅತ್ತೆಯ ಮುಖ ಕಪ್ಪಿಟ್ಟಿತು. "ಹಂಗಾರ ನಾಯಿಕೆಮ್ಮು ಬಂದ್ರ? ನನ್ನ ಒಂದು ಕೂಸನ್ನ ಒಯ್ದೈತಿ ಅದು."

"ಅದು ತಾನಾಗೇ ನಡಕೋತ ಬರೂದಿಲ್ರಿ. ಬಾಜೂ ಮನಿ ಕೂಸಿನ ಕೆಮ್ಮಿನಿಂದ ಬರ್ತೈತಿ. ಓಣಿ ಮಕ್ಕಳಿಗೆ ಸೂಜಿ ಆದ್ರ ಇವನ ತನಕಾ ಬರೂದು ಕಡಿಮಿ ಆಗತೈತಿ. ಆದ್ರ ಯಾರೂ ಬಾಗಲಾ ತಗ್ಯಾವಲ್ರು."

ಅತ್ತೆ ಸೆರಗು ಬಿಗಿದು, ನನ್ನ ಮಗನನ್ನು ಟೊಂಕದ ಮೇಲೆ ಕೂಡಿಸಿಕೊಂಡು ಪಕ್ಕದ ಬಾಗವಾನರ ಮನೆಯ ಬಾಗಿಲು ಬಡಿದಳು. "ಭಾಭಿ, ಬಾಗಲಾ ತಗೀರಿ. ನಮ್ಮ ಕೂಸಿಗೆ ಸೂಜಿ ಆಗಿ ಬರಲಿಲ್ಲ. ನಿಮ್ಮ ಮಕ್ಕಳಿಗೆ ಆಗಿ ಬರತೈತಿ. ಈ ಬಾಯಿ ಬ್ಯಾಡಾದವರಿಗೆ ಬ್ಯಾಡಾ ಅಂತಾಳ, ಅಂದಮ್ಯಾಗ ಬೇಕಾದವರಿಗೆ ಬೇಕಂದದ್ದೂ ಖರೇ ಇರತೈತಿ." ಭಾಭಿ ಬಾಗಿಲು ತೆಗೆದರು. ಅಲ್ಲಿಂದ ಮುಂದಿನ ಮನೆ. ನರ್ಸಬಾಯಿ ನಮ್ಮ ಅಂಗಳದಲ್ಲಿ ಸ್ಟೋವ್ ಹಚ್ಚಿದರು.

ಮುಂದಿನ ವರ್ಷ ಹತ್ತಿರದ ಬಿಜ್ಜರಗಿಯ ಕಡೆ ನಾಯಿಕೆಮ್ಮು ಎದ್ದಿತು. ಮಗ ಸೀನಿದಾಗಲೆಲ್ಲ ಅವನ ಹಣೆ ಮುಟ್ಟಿ ನೋಡುತ್ತಿದ್ದೆ. ಅದು ನಮ್ಮ ಓಣಿಗೆ ಬರಲಿಲ್ಲ.

ನರ್ಸಬಾಯಿ ನಿವೃತ್ತರಾಗಿ ವಿಜಾಪುರದ ಸಿದ್ಧೇಶ್ವರ ಗುಡಿಯ ಹತ್ತಿರ ಮಗಳ ಮನೆಯಲ್ಲಿದ್ದರು. ತೀರಿಕೊಂಡ ಸುದ್ದಿ ಬಂದಾಗ, ಮಣ್ಣಿಗೆ ಹೋಗೋಣ ನಡೆ ಎಂದು ಮಗನನ್ನು ಎಬ್ಬಿಸಿದೆ. "ಯಾರಬೇ ಅವರು? ನನಗ ಸೂಜಿ ಮಾಡಿದವರೇನು?" ಎಂದು ಕೇಳಿದ.

"ಊರ ಮಕ್ಕಳಿಗೆಲ್ಲಾ ಸೂಜಿ ಮಾಡಿ ನಿನ್ನ ಉಳಿಸಿದಾಕಿ," ಎಂದೆ.