ಬೆರಳ ಸಂದಿಯಲ್ಲಿ ಹರಿದ ಶೀಕರಣಿ

ಶೀಕರಣಿ ಎಂದರೆ ಮಾವಿನ ಹಣ್ಣಿನ ರಸ ಎಂದು ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ. ರಸವನ್ನು ಕುಡಿಯುತ್ತಾರೆ. ಶೀಕರಣಿಯನ್ನು ನಮ್ಮ ಜಮಖಂಡಿ ಕಡೆ ಉಣ್ಣುತ್ತಾರೆ, ಅದೂ ಹೋಳಿಗೆ ಮುಳುಗುವಷ್ಟು. ಗಲಗಲಿ ಕಡೆಯಿಂದ ಬಂದ ನಾರುಹಣ್ಣನ್ನು ಹುಲ್ಲಿನಲ್ಲಿ ಅಡಿ ಹಾಕಿ ಮಾಗಿಸಿ, ಒಂದೊಂದನ್ನೇ ಮೆತ್ತಗೆ ಹಿಸುಕಿ ಹಿಂಡಿ, ಬೆಲ್ಲ, ಏಲಕ್ಕಿ ಕೂಡಿಸಬೇಕು. ಹಿಂಡುವವರು ಹೆಂಗಸರು. ಅವರು ಉಣ್ಣಲು ಕೂರುವ ಹೊತ್ತಿಗೆ ಉಳಿಯುತ್ತಿದ್ದದ್ದು ಸಿಪ್ಪೆ, ಗೊರಟೆ ತೊಳೆದ ನೀರಿನ ಸಾರು. ಅದಕ್ಕೇ ರುಚಿ ಹೆಚ್ಚೆಂದು ಗಂಡಸರು ನಮಗೆ ಹೇಳುತ್ತಿದ್ದರು.

ರಾಜರ ಆಳ್ವಿಕೆ ಹೋಗಿ ಊರು ಮುಂಬಯಿ ಸರ್ಕಾರಕ್ಕೆ ಸೇರಿದ ಹೊಸತು. ಬನಹಟ್ಟಿಗೆ ಕೊಟ್ಟಿದ್ದ ನಮ್ಮಕ್ಕ ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು. ಬಂದ ದಿನವೇ ಅವ್ವನ ಹತ್ತಿರ ಶೀಕರಣಿ ಬೇಡಿದಳು. ಬಸುರಿಯ ಬಯಕೆ ತಪ್ಪಿಸಬಾರದೆಂಬುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಮನೆಯ ಯಜಮಾನನಾದ ದೊಡ್ಡಪ್ಪನಿಗೂ ಗೊತ್ತಿತ್ತು. ಆದರೂ ಅವನು ಅದೇ ವಾರ ತಾಲೂಕಿನ ಮಾಮಲೇದಾರ ಸಾಹೇಬರನ್ನು ಕಾರಕೂನರ ಸಮೇತ ಊಟಕ್ಕೆ ಕರೆದ. ಆ ವರ್ಷ ಹಣ್ಣು ಬಂದದ್ದೇ ಕಡಿಮೆ. ಅಡಿ ಹಾಕಿದ್ದ ಹಣ್ಣನ್ನೆಲ್ಲ ಅವತ್ತಿಗೇ ತೆಗೆಸಿದ.

ಅವ್ವ ಅಕ್ಕನಿಗೆಂದು ಒಂದು ಬಟ್ಟಲು ಮೊದಲೇ ಎತ್ತಿಟ್ಟು ಮುಚ್ಚಿದ್ದಳು. ಆದರೆ ನಮ್ಮಲ್ಲಿ ಉಪಚಾರದ ಒಂದು ಹುಚ್ಚು ಪದ್ಧತಿಯಿದೆ. ಉಣ್ಣುವವರು ಸಾಕೆಂದು ಕೈ ಅಡ್ಡ ಹಿಡಿದರೆ, ಆ ಕೈ ಮೇಲೆಯೇ ಸೌಟು ಬಗ್ಗಿಸಬೇಕು. ಇಲ್ಲದಿದ್ದರೆ ಮನೆತನಕ್ಕೆ ಜಿಪುಣರೆಂಬ ಹೆಸರು. ದೊಡ್ಡಪ್ಪ ಹಾಗೆ ಬಡಿಸುತ್ತ ಬಡಿಸುತ್ತ ಪಾತ್ರೆ ಬರಿದು ಮಾಡಿಕೊಂಡು ಅಡುಗೆಮನೆಗೆ ಬಂದ. ಕಣ್ಣು ನೇರ ಮುಚ್ಚಿಟ್ಟ ಬಟ್ಟಲಿಗೇ ಬಿತ್ತು.

"ಅದನ್ನೂ ತಾರವಾ. ಸಾಹೇಬ್ರ ಮುಂದ ಆತು ಅನ್ನಾಕ ಬರತೈತೇನು?"

ಅದು ಮಗಳದೆಂದು ಅವ್ವ ತಲೆ ತಗ್ಗಿಸಿ ಹೇಳಿದಳು. ಅಕ್ಕ ಅಲ್ಲೇ ಗೋಡೆಗೆ ಒರಗಿ ನಿಂತಿದ್ದಳು. ಅವಳಿಗೆ ನಾಳೆ ಮಾಡಿದರಾಯಿತೆಂದು ಅವನೇ ಬಟ್ಟಲು ಎತ್ತಿಕೊಂಡು ಹೋದ. ಮನೆಯಲ್ಲಿ ಒಂದು ಹಣ್ಣೂ ಉಳಿದಿರಲಿಲ್ಲ, ಎಲ್ಲಿಯ ನಾಳೆ?

ನಾನು ಬಾಗಿಲ ಮರೆಯಿಂದ ನೋಡಿದೆ. ಪಾಪ, ಆ ಸಾಹೇಬರು ಎರಡೂ ಕೈ ಅಡ್ಡ ಹಿಡಿದು ಖರೇನೇ ಸಾಕೆನ್ನುತ್ತಿದ್ದರು. ದೊಡ್ಡಪ್ಪ ಸುರಿದ. ಅಕ್ಕನ ಪಾಲಿನದು ಅವರ ಬೆರಳ ಸಂದಿಯಿಂದ ಇಳಿದು, ತಾಟು ತುಂಬಿ, ನೆಲಕ್ಕೆ ಹರಿಯಿತು. ಊಟವಾದ ಮೇಲೆ ಅದನ್ನು ಅರಿವೆಯಿಂದ ಒರೆಸಿದವಳು ನಾನು. ಸಂಜೆ ಕಟ್ಟೆಯ ಮೇಲೆ ಕೂತು, ನಮ್ಮ ಮನೆಯಲ್ಲಿ ಶೀಕರಣಿ ಹರಿದಾಡಿತೆಂದು ಜಂಬ ಕೊಚ್ಚಿದವನು ಅವನು. ಅಕ್ಕ ಗೊರಟೆ ತೊಳೆದ ಸಾರು ಉಂಡು ಮಲಗಿದಳು.

ಮರುವರ್ಷ ಹಣ್ಣು ಬಂತು. ಕೊಟ್ಟ ಹೆಣ್ಣುಮಕ್ಕಳನ್ನು ಆಗ ತವರಿಗೆ ಕರೆಯುವುದು ರೂಢಿ. ಕೂಸು ಕರಕೊಂಡು ಶೀಕರಣಿಗೆ ಬಾ ಎಂದು ದೊಡ್ಡಪ್ಪನೇ ಬನಹಟ್ಟಿಗೆ ಆಳು ಕಳಿಸಿದ. ಅಕ್ಕ ಹೇಳಿದ್ದನ್ನು ಆ ಆಳು ಬಂದು ನಡುಮನೆಯಲ್ಲಿ, ಎಲ್ಲರೆದುರು, ಹೇಳಿದಂತೆಯೇ ಒಪ್ಪಿಸಿದ.

"ರೊಟ್ಟಿಗೆ ಕರೀರಿ, ಬರ್ತೇನಿ. ಶೀಕರಣಿಗೆ ಸಾಹೇಬ್ರನ್ನ ಕರಕೋರಿ."

ಮಗಳಿಗೆ ಸೊಕ್ಕು ಬಂದಿದೆ ಎಂದ ದೊಡ್ಡಪ್ಪ. ನನಗೋ, ಅಷ್ಟಕ್ಕೇ ಬಿಟ್ಟಳಲ್ಲ ಎನಿಸಿತು.